ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ವಿಂಡೋಸ್ ಲೈಸೆನ್ಸ್ ಹೋಗಿಬಿಡತ್ತಾ?

ಪ್ರಶ್ನೆ: ಸರ್ ನಮಸ್ಕಾರ, ತಿಪಟೂರಲ್ಲಿ ಕೊಬ್ಬರಿ ಮಂಡಿಯವರ ಲೆಕ್ಕ ಬರೀತೀನಿ. 2019ರಲ್ಲಿ ತಗೊಂಡ ಲ್ಯಾಪ್‌ಟಾಪು, ಐ5 ಎಂಟನೇ ಜನರೇಶನ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ ಟೀ ಕುಡ್ಕೊಂಡು ಬಂದ್ರೂ ರೆಡಿ ಆಗಿರಲ್ಲ. 512 ಜಿಬಿ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕ್ಸೋಣ ಅಂತ ಅಂಗಡಿಗೆ ಹೋದ್ರೆ, ಡಿಸ್ಕ್ ಚೇಂಜ್ ಮಾಡಿದ್ರೆ ಹಳೇ ವಿಂಡೋಸ್ ಲೈಸೆನ್ಸ್ ಹೋಗತ್ತೆ, ಹೊಸ ಕೀಗೆ ಬೇರೆ ದುಡ್ಡಾಗತ್ತೆ ಅಂದ್ರು. ಲ್ಯಾಪ್‌ಟಾಪ್ ಜೊತೆಗೇ ಒರಿಜಿನಲ್ ವಿಂಡೋಸ್ 10 ಬಂದಿತ್ತು, ಆದ್ರೆ ಹಿಂದೆ ಸ್ಟಿಕರಲ್ಲಿ ನಂಬರ್ ಏನೂ ಇಲ್ಲ. ಟ್ಯಾಲಿ, ನುಡಿ, ಡಿಎಸ್‌ಸಿ (ಡಿಜಿಟಲ್ ಸಹಿ) ಎಲ್ಲ ಅದರಲ್ಲೇ ಇದೆ. ಏನ್ ಮಾಡ್ಲಿ?

ಉತ್ತರ: ಹೊಸ ಕೀ ತಗೋಬೇಡಿ. ನಿಮ್ಮ ಲೈಸೆನ್ಸ್ ಆ ಹಾರ್ಡ್‌ಡಿಸ್ಕಲ್ಲಿ ಇಲ್ವೇ ಇಲ್ಲ, ಹಾಗಾಗಿ ಡಿಸ್ಕ್ ತೆಗೆದ್ರೆ ಅದು ಹೋಗೋ ಮಾತೂ ಇಲ್ಲ. ನೀವು ತಲೆ ಕೆಡಿಸ್ಕೋಬೇಕಾಗಿರೋದು ಬೇರೆ ಎರಡು ಮೂರು ವಿಷಯಕ್ಕೆ, ಒಂದು ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ಯಾ, ಅಂದ್ರೆ ಡೇಟಾಗೆ ಗುಪ್ತಲಿಪಿಯ ಬೀಗ ಬಿದ್ದಿದ್ಯಾ ಅನ್ನೋದು, ಇನ್ನೊಂದು ನಿಮ್ಮ ಟ್ಯಾಲಿ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಅಂಗಡಿಯವರು ಹೇಳಿದ್ದು. ಪೂರ್ತಿ ಸುಳ್ಳು ಅನ್ನೋಕಾಗಲ್ಲ, ಇಪ್ಪತ್ತು ವರ್ಷ ಹಳೇ ಕಥೆ ಅಷ್ಟೆ. ವಿಂಡೋಸ್‌ಗೆ ಆ್ಯಕ್ಟಿವೇಶನ್, ಅಂದ್ರೆ ಲೈಸೆನ್ಸ್ ಅಸಲಿಯಾ ಅಂತ ಪರೀಕ್ಷೆ ಮಾಡೋದು, ಬಂದಿದ್ದು 2001ರ ಎಕ್ಸ್‌ಪಿ ಜೊತೆ. ಆಗ ಅದು ಕಂಪ್ಯೂಟರಿನ ಹತ್ತು ಭಾಗಗಳನ್ನ ನೋಡಿ ಒಂದು ಗುರುತು ಮಾಡ್ಕೊಳ್ತಿತ್ತು, ಪ್ರೊಸೆಸರ್, ರ‍್ಯಾಮ್ ಎಷ್ಟಿದೆ, ಡಿಸ್‌ಪ್ಲೇ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಸಿಡಿ ಡ್ರೈವ್, ಹಾರ್ಡ್‌ಡಿಸ್ಕ್, ಕೊನೆಗೆ ಆ ಡಿಸ್ಕಿನ ವಾಲ್ಯೂಮ್ ಸೀರಿಯಲ್ ನಂಬರ್ ಕೂಡ. ಫಾರ್ಮ್ಯಾಟ್ ಮಾಡಿದ್ರೆ ಆ ಸೀರಿಯಲ್ ಬದಲಾಗತ್ತೆ, ಹೊಸ ಡಿಸ್ಕ್ ಹಾಕಿದ್ರೆ ಎರಡೂ ಬದಲಾಗತ್ತೆ, ಜೊತೆಗೆ ರ‍್ಯಾಮ್ ಸೇರಿಸಿ ಕಾರ್ಡ್ ಒಂದು ಬದಲಾಯಿಸಿಬಿಟ್ರೆ ಮತ್ತೆ ಆ್ಯಕ್ಟಿವೇಟ್ ಮಾಡಿ ಅಂತ ಕೂತ್ಕೊಳ್ತಿತ್ತು. ಆ ಕಾಲದಲ್ಲಿ ಕೆಲಸ ಕಲಿತವರ ಬಾಯಲ್ಲಿ ಆ ಮಾತು ಉಳ್ಕೊಂಡಿದೆ, ಕೆಲವರಿಗೆ ಅದು ವ್ಯಾಪಾರಕ್ಕೂ ಅನುಕೂಲ.

ಈಗಿಂದು ಹೇಗೆ ಅಂದ್ರೆ. ವಿಂಡೋಸ್ 7 ಕಾಲದವರೆಗೆ ಲ್ಯಾಪ್‌ಟಾಪ್ ಅಡಿಯಲ್ಲಿ 25 ಅಕ್ಷರದ ಕೀ ಇರೋ ಸ್ಟಿಕರ್ ಅಂಟಿಸ್ತಿದ್ರು, ಎರಡು ವರ್ಷ ತೊಡೆ ಮೇಲೆ ಇಟ್ಕೊಂಡ್ರೆ ಅಕ್ಷರ ಎಲ್ಲ ಅಳಿಸಿಹೋಗ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಲ್ಯಾಪ್‌ಟಾಪ್ ಕಂಪನಿಗಳು ಕೀನ ಫ್ಯಾಕ್ಟರಿಯಲ್ಲೇ ಮದರ್‌ಬೋರ್ಡಿನ ಬಯೋಸ್ ಚಿಪ್ (ಆನ್ ಮಾಡಿದ ಕೂಡ್ಲೇ ಮೊದಲು ಓಡೋ ಪ್ರೋಗ್ರಾಂ ಇರೋ ಚಿಪ್) ಒಳಗೆ ಬರೆದು ಕಳಿಸೋಕೆ ಶುರು ಮಾಡಿದ್ವು. ಎಂಎಸ್‌ಡಿಎಂ ಅಂತ ಒಂದು ಟೇಬಲ್ ಇರತ್ತೆ, ಅದರಲ್ಲಿ ನಿಮ್ಮ ಕೀ ಕೂತಿರತ್ತೆ. ವಿಂಡೋಸ್ ಇನ್‌ಸ್ಟಾಲ್ ಮಾಡೋವಾಗ ಸೆಟಪ್ ಸೀದಾ ಅಲ್ಲಿಂದ ಓದ್ಕೊಳತ್ತೆ, ನಿಮ್ಮನ್ನ ಕೇಳೋದೂ ಇಲ್ಲ. ನಿಮ್ಮ ಸ್ಟಿಕರಲ್ಲಿ ನಂಬರ್ ಇಲ್ದೇ ಇರೋದು ಅದಕ್ಕೇ, ಗಾಬರಿ ಆಗೋದೇನಿಲ್ಲ.

ಇದರ ಮೇಲೆ 2015ರಲ್ಲಿ ವಿಂಡೋಸ್ 10 ಜೊತೆ ಇನ್ನೊಂದು ವ್ಯವಸ್ಥೆ ಬಂತು, ಡಿಜಿಟಲ್ ಲೈಸೆನ್ಸ್ ಅಂತ. ಒಂದು ಸಲ ಆ್ಯಕ್ಟಿವೇಟ್ ಆದ್ರೆ ಈ ಮಷೀನಿಗೆ ಈ ಎಡಿಶನ್ ಕೊಟ್ಟಿದೀವಿ ಅಂತ ಮೈಕ್ರೋಸಾಫ್ಟ್ ಸರ್ವರಲ್ಲಿ ದಾಖಲಾಗತ್ತೆ, ಮಷೀನ್ ಅಂದ್ರೆ ಅವರ ಲೆಕ್ಕದಲ್ಲಿ ಮುಖ್ಯವಾಗಿ ಮದರ್‌ಬೋರ್ಡ್. ಡಿಸ್ಕ್, ರ‍್ಯಾಮ್ ಬದಲಾದ್ರೆ ಅದು ಬೇರೆ ಮಷೀನ್ ಆಗಲ್ಲ. ಹೊಸ ಡಿಸ್ಕಲ್ಲಿ ಅದೇ ಎಡಿಶನ್ ಹಾಕಿ ನೆಟ್ ಕನೆಕ್ಟ್ ಮಾಡಿದ್ರೆ ತಾನಾಗೇ ಆ್ಯಕ್ಟಿವೇಟ್ ಆಗತ್ತೆ. ಹಾಗಾಗಿ ಲೈಸೆನ್ಸ್ ಹಳೇ ಡಿಸ್ಕಿಂದ ಹೊಸದಕ್ಕೆ ಟ್ರಾನ್ಸ್‌ಫರ್ ಮಾಡೋದು ಅನ್ನೋ ಕೆಲಸವೇ ನಿಮ್ಮ ಕೇಸಲ್ಲಿ ಇಲ್ಲ.

ಅದೇ ಎಡಿಶನ್ ಅಂದ್ನಲ್ಲ, ಅಲ್ಲೇ ಜನ ಎಡವೋದು. ನಮ್ಮಲ್ಲಿ ಮಾರೋ ಮನೆಬಳಕೆ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟಕ್ಕೆ ಬರೋದು ವಿಂಡೋಸ್ ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅಂಗಡಿಯಲ್ಲಿ ಏನ್ ಮಾಡ್ತಾರೆ, ಅವರ ಹತ್ರ ಒಂದು ಪೆನ್‌ಡ್ರೈವ್ ಇರತ್ತೆ, ಅದರಲ್ಲಿ ವಿಂಡೋಸ್ ಪ್ರೋ ಇರತ್ತೆ, ಯಾರು ಬಂದ್ರೂ ಅದನ್ನೇ ಹಾಕೋದು. ನಿಮ್ಮ ಬಯೋಸ್‌ನಲ್ಲಿರೋದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಕೀ, ಹಾಕಿದ್ದು ಪ್ರೋ, ಎರಡಕ್ಕೂ ಹೊಂದಲ್ಲ, ಆ್ಯಕ್ಟಿವೇಟ್ ಆಗಲ್ಲ, ಆಗ ನೋಡಿ ಸರ್ ಲೈಸೆನ್ಸ್ ಹೋಯ್ತು ಅಂತ ತೋರಿಸಿ ಒಂದು ಆ್ಯಕ್ಟಿವೇಟರ್, ಅಂದ್ರೆ ಲೈಸೆನ್ಸ್ ಇಲ್ದೇ ಕಳ್ಳದಾರಿಯಲ್ಲಿ ಆ್ಯಕ್ಟಿವೇಟ್ ಮಾಡೋ ಸಾಫ್ಟ್‌ವೇರ್, ಓಡಿಸಿ ಕೊಡ್ತಾರೆ. ದುಡ್ಡು ಕೊಟ್ಟು ತಗೊಂಡ ಅಸಲಿ ಲೈಸೆನ್ಸ್ ಮದರ್‌ಬೋರ್ಡಲ್ಲಿ ಕೂತಿರತ್ತೆ, ಮೇಲೆ ಕಳ್ಳ ವಿಂಡೋಸ್ ಓಡ್ತಿರತ್ತೆ, ಮನೇಲಿ ಬಾವಿ ಇಟ್ಕೊಂಡು ಟ್ಯಾಂಕರ್ ನೀರು ತರಿಸ್ಕೊಂಡ ಹಾಗೆ. ಆ ಆ್ಯಕ್ಟಿವೇಟರ್‌ಗಳು ಆ್ಯಂಟಿವೈರಸ್ ಆಫ್ ಮಾಡಿ ಅಂತ ಕೇಳ್ತವೆ, ಜಿಎಸ್‌ಟಿ ಪಾಸ್‌ವರ್ಡು ಬ್ಯಾಂಕ್ ಪಾಸ್‌ವರ್ಡು ಟೈಪ್ ಮಾಡೋ ಮಷೀನಲ್ಲಿ ಅದು ಬೇಡ ಸ್ವಾಮಿ.

ಈಗ ನಿಮ್ಮ ಲ್ಯಾಪ್‌ಟಾಪಲ್ಲಿ ಏನಿದೆ ನೋಡ್ಕೊಳ್ಳಿ, ಸ್ಕ್ರೂ ಬಿಚ್ಚೋ ಮುಂಚೆ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ಅದರಲ್ಲಿ ಆ್ಯಕ್ಟಿವೇಶನ್. 11 ಆದ್ರೆ ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್. ಎಡಿಶನ್ ಏನಿದೆ ಅಂತ ಬರ್ಕೊಳ್ಳಿ ಅಥವಾ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ. ಡಿಜಿಟಲ್ ಲೈಸೆನ್ಸ್‌ನಿಂದ ಆ್ಯಕ್ಟಿವೇಟ್ ಆಗಿದೆ, ಮೈಕ್ರೋಸಾಫ್ಟ್ ಅಕೌಂಟಿಗೆ ಲಿಂಕ್ ಆಗಿದೆ ಅಂತ ಬಂದ್ರೆ ಒಳ್ಳೇದು. ಲಿಂಕ್ ಆಗಿಲ್ಲ ಅಂದ್ರೆ ಅಲ್ಲೇ ಅಕೌಂಟ್ ಸೇರಿಸೋ ಬಟನ್ ಇರತ್ತೆ, ಸೇರಿಸ್ಬಿಡಿ. ಡಿಸ್ಕ್ ಬದಲಾಯಿಸೋಕೆ ಅದು ಬೇಕಾಗಲ್ಲ, ಆದ್ರೆ ಮುಂದೆ ಆ್ಯಕ್ಟಿವೇಶನ್ ಕೈಕೊಟ್ರೆ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದೀನಿ ಅನ್ನೋ ಆಯ್ಕೆ ತಗೊಂಡು ಸರಿ ಮಾಡ್ಕೊಳ್ಳೋಕೆ ಆ ಲಿಂಕ್ ಬೇಕು.

ಇನ್ನೂ ಆಳಕ್ಕೆ ನೋಡ್ಬೇಕು ಅಂದ್ರೆ ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಬರೋ ಡಬ್ಬದಲ್ಲಿ ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದಕ್ಕೆ ಅಂಟಿಕೊಂಡೇ ಡಿಎಲ್‌ಐ, ಅಂದ್ರೆ slmgr /dli ಅಂತ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಎಂಟರ್ ಕೊಡಿ. ಎರಡು ಸೆಕೆಂಡ್ ಬಿಟ್ಟು ಒಂದು ಚಿಕ್ಕ ಕಿಟಕಿ ಬರತ್ತೆ. ಅದರಲ್ಲಿ ಚಾನೆಲ್ ಅಂತ ಇರೋ ಸಾಲು ನೋಡಿ. ಓಇಎಂ ಡಿಎಂ ಅಂತಿದ್ರೆ ಬಯೋಸ್‌ನಲ್ಲಿ ಕೂತಿರೋ ಕೀಯಿಂದಲೇ ಓಡ್ತಾ ಇದೆ, ನಿಮ್ಮದು ಹೀಗೇ ಇರಬೇಕು. ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಅಂತ ಬಂದ್ರೆ ಹಿಂದೆ ಯಾರೋ ಸರ್ವೀಸ್ ಮಾಡೋವಾಗ ಆ್ಯಕ್ಟಿವೇಟರ್ ಹಾಕಿದ್ದಾರೆ ಅಂತಲೇ ಅರ್ಥ. ಕೆಎಂಎಸ್ ಅನ್ನೋದು ದೊಡ್ಡ ಕಂಪನಿ, ಕಾಲೇಜುಗಳು ತಮ್ಮ ಸರ್ವರ್ ಇಟ್ಕೊಂಡು ನೂರಾರು ಕಂಪ್ಯೂಟರ್ ಆ್ಯಕ್ಟಿವೇಟ್ ಮಾಡೋ ವ್ಯವಸ್ಥೆ, ಒಂದು ಸಲ ಮಾಡಿದ್ರೆ 180 ದಿನ ಮಾತ್ರ ಬರತ್ತೆ, ಸರ್ವರ್ ಸಿಗ್ತಾ ಇದ್ರೆ ತಾನೇ ರಿನ್ಯೂ ಮಾಡ್ಕೊಳ್ತಾ ಹೋಗತ್ತೆ. ಮನೆ ಲ್ಯಾಪ್‌ಟಾಪಲ್ಲಿ ಅದಕ್ಕೇನು ಕೆಲಸ? ಹಾಗಿದ್ರೆ ಆ ವಿಂಡೋಸ್‌ನ ಕ್ಲೋನ್ ಮಾಡಿ (ಹಳೇ ಡಿಸ್ಕಲ್ಲಿರೋದನ್ನ ಹಾಗ್ಹಾಗೇ ಹೊಸದಕ್ಕೆ ನಕಲು ಮಾಡಿ) ಪ್ರಯೋಜನ ಇಲ್ಲ, ಫ್ರೆಶ್ ಹಾಕಿ, ಅಂದ್ರೆ ವಿಂಡೋಸ್ ಮೊದಲಿಂದ ಇನ್‌ಸ್ಟಾಲ್ ಮಾಡಿ, ಬಯೋಸಿನ ಕೀ ತಾನಾಗೇ ಎದ್ದು ಬರತ್ತೆ.

ಕೀ ತೋರಿಸೋ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ಕೀ ಬರೆದಿಟ್ಕೊಳ್ಳೋರು ಇದಾರೆ, ಅದರಲ್ಲೊಂದು ಗಮ್ಮತ್ತು. ಡಿಜಿಟಲ್ ಲೈಸೆನ್ಸಲ್ಲಿ ಓಡೋ ಎಷ್ಟೋ ಮಷೀನಲ್ಲಿ ಕಾಣೋ ಕೀ ನಿಮ್ಮ ಸ್ವಂತದ್ದಲ್ಲ, ಲೋಕಕ್ಕೆಲ್ಲ ಒಂದೇ ಇರೋ ಜೆನೆರಿಕ್ ಕೀ. ಪ್ರೋ ಆದ್ರೆ ಅದರ ಕೊನೆ ಐದು ಅಕ್ಷರ 3ವಿ66ಟಿ ಅಂತಿರತ್ತೆ, ಹೋಮ್ ಆದ್ರೆ 8ಎಚ್‌ವಿಎಕ್ಸ್7. ಇದನ್ನ ಜೋಪಾನವಾಗಿ ಡೈರಿಯಲ್ಲಿ ಬರೆದಿಟ್ರೂ ಅಷ್ಟೆ, ಬಿಟ್ರೂ ಅಷ್ಟೆ.

ಈಗ ಅಸಲಿ ತಲೆನೋವಿಗೆ ಬರೋಣ, ಎನ್‌ಕ್ರಿಪ್ಶನ್. ಸುಮಾರು ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದ ಕೂಡ್ಲೇ ಡಿವೈಸ್ ಎನ್‌ಕ್ರಿಪ್ಶನ್ ಸದ್ದಿಲ್ದೇ ಆನ್ ಆಗಿಬಿಡತ್ತೆ, ಬಿಟ್‌ಲಾಕರ್ ಅನ್ನೋದರ ಚಿಕ್ಕ ರೂಪ ಅದು, ನಿಮಗೆ ಗೊತ್ತೂ ಆಗಿರಲ್ಲ. ವಿಂಡೋಸ್ 11ರ 24ಎಚ್2 ಬಂದ್ಮೇಲಂತೂ ಫ್ರೆಶ್ ಇನ್‌ಸ್ಟಾಲ್ ಮಾಡಿದ ಕಡೆಯೆಲ್ಲ ಇದು ಇನ್ನೂ ಜಾಸ್ತಿ. ಬಾಗಿಲು ತೆಗೆಯೋ ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಅನ್ನೋ ಭದ್ರತಾ ವ್ಯವಸ್ಥೆ ಹತ್ರ ಇರತ್ತೆ. ನೀವು ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಡೆ ಚುಚ್ಚಿದ್ರೆ, ಅಥವಾ ಬಯೋಸಲ್ಲಿ ಏನೋ ಸೆಟ್ಟಿಂಗ್ ಮುಟ್ಟಿದ್ರೆ, ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೇಳತ್ತೆ. ಇಲ್ದೇ ಹೋದ್ರೆ ಡೇಟಾ ಇದ್ದೂ ಇಲ್ಲದ ಹಾಗೆ, ಅದನ್ನ ಯಾವ ಅಂಗಡಿಯವರೂ ತೆಗೆದುಕೊಡೋಕಾಗಲ್ಲ, ಮೈಕ್ರೋಸಾಫ್ಟ್‌ನವರ ಕೈಯಲ್ಲೂ ಆಗಲ್ಲ. ಲೈಸೆನ್ಸ್ ಹೋದ್ರೆ ದುಡ್ಡು ಕೊಟ್ಟು ತರಬಹುದು, ಮಂಡಿಯವರ ಏಳು ವರ್ಷದ ಲೆಕ್ಕ ಎಲ್ಲಿಂದ ತರ್ತೀರಿ?

ಹಾಗಾಗಿ ಸೆಟ್ಟಿಂಗ್ಸಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅಂತ ಹುಡುಕಿ. ಆ ಆಯ್ಕೆಯೇ ಕಾಣ್ಲಿಲ್ಲ ಅಂದ್ರೆ ನಿಮ್ಮ ಮಷೀನಿಗೆ ಅದು ಇಲ್ಲ, ನೆಮ್ಮದಿ. ಆನ್ ಇದ್ರೆ ಮೊದಲು ಬ್ರೌಸರಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಒಳಗೆ ರಿಕವರಿ ಕೀ ಇದ್ಯಾ ನೋಡಿ, ಕಾಗದದಲ್ಲಿ ಪ್ರಿಂಟ್ ತಗೊಳ್ಳಿ. ಆಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಿ ಪೂರ್ತಿ ಮುಗಿಯೋವರೆಗೂ ಚಾರ್ಜರ್ ಹಾಕಿ ಬಿಟ್ಬಿಡಿ. 1 ಟಿಬಿ ಹಾರ್ಡ್‌ಡಿಸ್ಕಲ್ಲಿ ಇದು ಗಂಟೆಗಟ್ಟಲೆ ತಗೊಳತ್ತೆ, ರಾತ್ರಿ ಹಾಕಿ ಮಲಗಿ. ಎಷ್ಟೋ ಸಲ ಈ ಲ್ಯಾಪ್‌ಟಾಪ್ ತಗೊಂಡಾಗ ಅಂಗಡಿಯವರೇ ಅವರದ್ದೋ, ಅಲ್ಲೇ ಆಗ ಮಾಡಿದ್ದೋ ಒಂದು ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿರ್ತಾರೆ, ಆ ಐಡಿ ಪಾಸ್‌ವರ್ಡ್ ಯಾರಿಗೂ ನೆನಪಿರಲ್ಲ. ನಿಮ್ಮದೂ ಹಾಗಿದ್ರೆ ಈಗಲೇ, ವಿಂಡೋಸ್ ಓಡ್ತಾ ಇರೋವಾಗಲೇ ಎನ್‌ಕ್ರಿಪ್ಶನ್ ಆಫ್ ಮಾಡ್ಕೊಳ್ಳಿ, ಲಾಗಿನ್ ಆಗಿರೋವಾಗ ಕೀ ಬೇಕಾಗಲ್ಲ.

ಡಿಸ್ಕ್ ತಗೊಳ್ಳೋದ್ರ ಬಗ್ಗೆ ಜಾಸ್ತಿ ಹೇಳಲ್ಲ. 2019ರ ಎಷ್ಟೋ ಮಾಡೆಲಲ್ಲಿ ಹಾರ್ಡ್‌ಡಿಸ್ಕ್ ಪಕ್ಕ ಒಂದು ಎಂ.2 ಸ್ಲಾಟ್ ಖಾಲಿ ಇರತ್ತೆ. ಅದು ಎನ್‌ವಿಎಂಇ (ಹೆಚ್ಚು ವೇಗದ ಬಗೆ) ತಗೊಳತ್ತಾ ಬರೀ ಸಾಟಾ (ಹಳೇ, ಕಡಿಮೆ ವೇಗದ ಬಗೆ) ತಗೊಳತ್ತಾ ಅಂತ ಲ್ಯಾಪ್‌ಟಾಪ್ ಕಂಪನಿಯ ಸರ್ವೀಸ್ ಮ್ಯಾನ್ಯುಯಲ್ ನೋಡಿನೇ ತಗೊಳ್ಳಿ, ಎರಡೂ ನೋಡೋಕೆ ಒಂದೇ ಥರ ಇರ್ತವೆ. ಎಸ್‌ಎಸ್‌ಡಿ ಜೊತೆ ಮಾತಾಡೋ ಪಿಸಿಐಇ ದಾರಿ ನಿಮ್ಮ ಪ್ರೊಸೆಸರಲ್ಲಿ ಜೆನ್ 3 ವೇಗದ್ದು (ಇದು ಎಂಟನೇ ಜನರೇಶನ್ ಅನ್ನೋದಕ್ಕಿಂತ ಬೇರೆ ಲೆಕ್ಕ), ಜೆನ್ 4 ಎಸ್‌ಎಸ್‌ಡಿ ಹಾಕಿದ್ರೂ ಜೆನ್ 3 ವೇಗದಲ್ಲೇ ಓಡೋದು, ಅದಕ್ಕೆ ಜಾಸ್ತಿ ದುಡ್ಡು ಸುರಿಯೋದು ಬೇಡ. ಸ್ಲಾಟೇ ಇಲ್ಲ ಅಂದ್ರೆ ಹಾರ್ಡ್‌ಡಿಸ್ಕ್ ಜಾಗಕ್ಕೇ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕ್ಬಹುದು, ಸೆಕೆಂಡಿಗೆ 550 ಎಂಬಿ ಆಸುಪಾಸು ಓದತ್ತೆ, ನಿಮ್ಮ ಹಾರ್ಡ್‌ಡಿಸ್ಕ್ 100 ಮುಟ್ಟಿದ್ರೆ ಹೆಚ್ಚು. ಟ್ಯಾಲಿ ಕೆಲಸಕ್ಕೆ ಎರಡರಲ್ಲಿ ಯಾವುದು ಹಾಕಿದ್ರೂ ವ್ಯತ್ಯಾಸ ಗೊತ್ತಾಗಲ್ಲ.

ಕ್ಲೋನಾ, ಫ್ರೆಶ್ಶಾ? ಟೆಕ್ನಿಷಿಯನ್‌ಗಳನ್ನ ಕೇಳಿದ್ರೆ ಕಣ್ಣು ಮುಚ್ಕೊಂಡು ಫ್ರೆಶ್ ಅಂತಾರೆ. ನನ್ನ ಅಭಿಪ್ರಾಯ ನಿಮ್ಮಂಥವರಿಗೆ ಕ್ಲೋನ್, ಯಾಕಂದ್ರೆ ಪ್ರಿಂಟರ್ ಡ್ರೈವರ್, ಟೋಕನ್ ಡ್ರೈವರ್, ನುಡಿ ಫಾಂಟು, ಏಳು ವರ್ಷದಿಂದ ಒಂದೊಂದಾಗಿ ಕೂಡಿಸಿದ್ದನ್ನೆಲ್ಲ ಮತ್ತೆ ಹಾಕ್ತಾ ಕೂತ್ರೆ ಸೀಸನ್ನಲ್ಲಿ ಎರಡು ದಿನ ಹೋಗತ್ತೆ. ನಿಮ್ಮ ಲ್ಯಾಪ್‌ಟಾಪ್ ನಿಧಾನ ಆಗಿರೋದು ವಿಂಡೋಸ್ ಕೆಟ್ಟಿದೆ ಅಂತಲ್ಲ, ತಿರುಗೋ ಡಿಸ್ಕಿಗೆ ಈಗಿನ ವಿಂಡೋಸ್‌ನ ಭಾರ ಹೊರೋಕಾಗ್ತಿಲ್ಲ ಅಂತ. ಅದೇ ವಿಂಡೋಸ್ ಎಸ್‌ಎಸ್‌ಡಿ ಮೇಲೆ ಕೂತ್ರೆ ಎದ್ದು ಓಡತ್ತೆ.

ಆದ್ರೆ ಕ್ಲೋನ್ ಮಾಡೋ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಹಳೇ ಡಿಸ್ಕಿನ ಆರೋಗ್ಯ ನೋಡಿ. ಗುಡ್ ಅಂತ ನೀಲಿ ಬಂದ್ರೆ ಮುಂದುವರೀರಿ. ಕಾಶನ್ ಅಂತ ಹಳದಿ ಬಂದ್ರೆ ನಿಲ್ಲಿಸಿ, ಮೊದಲು ಡೇಟಾ ಕಾಪಿ ಮಾಡ್ಕೊಳ್ಳಿ, ಸಾಯ್ತಾ ಇರೋ ಡಿಸ್ಕನ್ನ ಕ್ಲೋನ್ ಮಾಡೋಕೆ ಹೋಗಿ ಆ ಒತ್ತಡಕ್ಕೇ ಪೂರ್ತಿ ಕೈಕೊಟ್ಟಿರೋದು ಉಂಟು. ಅಂಥದ್ದಕ್ಕೆ ಫ್ರೆಶ್ಶೇ ಸರಿ.

ಕ್ಲೋನ್‌ಗೆ ಸಾಫ್ಟ್‌ವೇರ್ ದುಡ್ಡು ಕೊಟ್ಟು ತಗೋಬೇಕಾಗಿಲ್ಲ. ಸ್ಯಾಮ್‌ಸಂಗ್ ಎಸ್‌ಎಸ್‌ಡಿ ತಗೊಂಡ್ರೆ ಅವರದೇ ಮೈಗ್ರೇಶನ್ ಟೂಲ್ ಇದೆ, ಕ್ರೂಶಿಯಲ್, ಡಬ್ಲ್ಯುಡಿ, ಕಿಂಗ್‌ಸ್ಟನ್ ಆದ್ರೆ ಆ್ಯಕ್ರೋನಿಸ್‌ನ ಒಂದು ಆವೃತ್ತಿ ಫ್ರೀ ಕೊಡ್ತಾರೆ, ಆ ಬ್ರ್ಯಾಂಡಿನ ಡಿಸ್ಕ್ ಮಷೀನಲ್ಲಿ ಇದ್ರೆ ಮಾತ್ರ ಅದು ಕೆಲಸ ಮಾಡತ್ತೆ. ಕ್ಲೋನ್‌ಝಿಲ್ಲ ಒಳ್ಳೇದೇ, ಆದ್ರೆ ದೊಡ್ಡ ಡಿಸ್ಕಿಂದ ಚಿಕ್ಕದಕ್ಕೆ ಅಂದ್ರೆ ಸುಲಭಕ್ಕೆ ಒಪ್ಪಲ್ಲ, ನಿಮ್ಮದು 1 ಟಿಬಿಯಿಂದ 512ಕ್ಕೆ, ಹಾಗಾಗಿ ಅದು ಬೇಡ. ಹಳೇ ಡಿಸ್ಕಲ್ಲಿ ತುಂಬಿರೋದು ಒಟ್ಟು 400 ಜಿಬಿ ಒಳಗೆ ಬರೋ ಹಾಗೆ ಮಾಡ್ಕೊಳ್ಳಿ, ಮದುವೆ ವಿಡಿಯೋ ಅದು ಇದು ಎಲ್ಲ ಹೊರಗಿನ ಡಿಸ್ಕಿಗೆ ಹಾಕಿ. ಕ್ಲೋನ್ ಮಾಡೋವಾಗ ಬರೀ ಸಿ ಡ್ರೈವ್ ಅಲ್ಲ, ಪೂರ್ತಿ ಡಿಸ್ಕ್ ಅಂತ ಆರಿಸಿ. ಮೊದಲಿಗೆ ಇಎಫ್‌ಐ ಅಂತ ಒಂದು ಪುಟಾಣಿ ಪಾರ್ಟಿಶನ್ ಇರತ್ತೆ, ಬೂಟ್ ಆಗೋದೇ ಅದರಿಂದ, ಅದನ್ನ ಬಿಟ್ಟು ಸಿ ಒಂದೇ ತಂದ್ರೆ ಲ್ಯಾಪ್‌ಟಾಪ್ ಏಳಲ್ಲ.

ಮುಗಿದ ಮೇಲೆ ಶಟ್‌ಡೌನ್ ಮಾಡಿ ಹಿಂದಿನ ಕವರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಹಳೇ ಹಾರ್ಡ್‌ಡಿಸ್ಕಿನ ಕೇಬಲ್ ಕೀಳಿ. ಆಮೇಲೆ ಬ್ಯಾಟರಿ ಕನೆಕ್ಟರ್ ವಾಪಸ್ ಹಾಕಿ ಎಸ್‌ಎಸ್‌ಡಿ ಒಂದರಿಂದಲೇ ಬೂಟ್ ಮಾಡಿ. ಎರಡೂ ಒಟ್ಟಿಗೆ ಇದ್ರೆ ಎರಡಕ್ಕೂ ಒಂದೇ ಗುರುತು ಇರೋದ್ರಿಂದ ವಿಂಡೋಸ್ ಗಲಿಬಿಲಿ ಆಗಿ ಒಂದನ್ನ ಆಫ್‌ಲೈನ್ ಮಾಡತ್ತೆ, ಎಷ್ಟೋ ಜನ ಎಸ್‌ಎಸ್‌ಡಿ ಹಾಕ್ಸಿದ್ರೂ ಸ್ಪೀಡ್ ಬರ್ಲಿಲ್ಲ ಅಂತ ಗೊಣಗ್ತಿರ್ತಾರೆ, ನೋಡಿದ್ರೆ ಇನ್ನೂ ಹಳೇ ಡಿಸ್ಕಿಂದಲೇ ಬೂಟ್ ಆಗ್ತಿರತ್ತೆ. ಒಂದೊಂದ್ಸಲ ಮೊದಲ ಬೂಟಿಗೆ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನೀಲಿ ಸ್ಕ್ರೀನ್ ಬರತ್ತೆ, ಸಾಟಾದಲ್ಲಿ ಓಡ್ತಿದ್ದ ವಿಂಡೋಸ್‌ಗೆ ಎನ್‌ವಿಎಂಇ ಡ್ರೈವರ್ ಆ ಹೊತ್ತಿಗೆ ಸಿಕ್ಕಿರಲ್ಲ. ರಿಕವರಿ ಮೆನುವಿಂದ ಒಂದು ಸಲ ಸೇಫ್ ಮೋಡಿಗೆ ಹೋಗಿ ಬನ್ನಿ, ಬಹಳ ಸಲ ಅಷ್ಟರಲ್ಲೇ ಸರಿಹೋಗತ್ತೆ.

ಫ್ರೆಶ್ ಮಾಡೋರಿಗೆ ಒಂದೇ ದೊಡ್ಡ ಎಚ್ಚರಿಕೆ, ಇನ್‌ಸ್ಟಾಲ್ ಮಾಡೋವಾಗಲೂ ಹಳೇ ಡಿಸ್ಕ್ ಕಿತ್ತಿಡಿ. ಕೀಳದೇ ಇದ್ರೆ ಸೆಟಪ್ ಏನ್ ಮಾಡತ್ತೆ, ವಿಂಡೋಸನ್ನ ಎಸ್‌ಎಸ್‌ಡಿಗೆ ಹಾಕಿ ಬೂಟ್ ಫೈಲುಗಳನ್ನ ಹಳೇ ಡಿಸ್ಕಿನ ಇಎಫ್‌ಐ ಪಾರ್ಟಿಶನ್ನಿಗೇ ಬರೆದುಬಿಡಬಹುದು. ಆರು ತಿಂಗಳು ಎಲ್ಲ ಚೆನ್ನಾಗಿರತ್ತೆ, ಆಮೇಲೆ ಹಳೇ ಡಿಸ್ಕ್ ತೆಗೆದ ದಿನ ಲ್ಯಾಪ್‌ಟಾಪ್ ಸತ್ತ ಹಾಗೆ. ಪೆನ್‌ಡ್ರೈವ್ 8 ಜಿಬಿದು ಸಾಕು, ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಶನ್ ಟೂಲಿಂದಲೇ ಮಾಡಿ, ಅಂಗಡಿಯವರ ಪೆನ್‌ಡ್ರೈವ್ ಬೇಡ. ಸೆಟಪ್‌ನಲ್ಲಿ ಡಿಸ್ಕೇ ಕಾಣ್ತಿಲ್ಲ ಅಂದ್ರೆ ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಓಡಬೇಡಿ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಕೇಳ್ತಿರತ್ತೆ, ಹನ್ನೊಂದನೇ ಜನರೇಶನ್‌ನಿಂದ ಈಚೆಗೆ ಇದು ಮಾಮೂಲಿ, ಲ್ಯಾಪ್‌ಟಾಪ್ ಕಂಪನಿ ಸೈಟಿಂದ ತಗೊಂಡು ಪೆನ್‌ಡ್ರೈವಲ್ಲಿ ಹಾಕಿ ಲೋಡ್ ಡ್ರೈವರ್ ಒತ್ತಿ. ಕೀ ಕೇಳಿದ್ರೆ ಕೀ ಇಲ್ಲ ಅನ್ನೋದನ್ನ ಒತ್ತಿ ನೀವು ಬರ್ಕೊಂಡಿರೋ ಎಡಿಶನ್ ಆರಿಸಿ. ನಿಮ್ಮ ಥರ ಬಯೋಸಲ್ಲಿ ಕೀ ಇದ್ರೆ ಕೇಳೋದೇ ಇಲ್ಲ.

ಹೇಗೂ ಇಷ್ಟು ಮಾಡ್ತಿದೀರಿ, ವಿಂಡೋಸ್ 11ಕ್ಕೂ ಹೋಗಿಬಿಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟನೇ ಜನರೇಶನ್ ಐ5 ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇದೆ, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಬಯೋಸಲ್ಲಿ ಆನ್ ಇದ್ರೆ ಸಾಕು. ಬಯೋಸಲ್ಲಿರೋ ವಿಂಡೋಸ್ 10 ಕೀಯಿಂದಲೇ 11 ಆ್ಯಕ್ಟಿವೇಟ್ ಆಗತ್ತೆ, ಒಂದು ರೂಪಾಯಿ ಕೊಡೋದು ಬೇಡ. ಆದ್ರೆ ಒಂದೇ ದಿನ ಎರಡೂ ಬೇಡ, ಮೊದಲು ಕ್ಲೋನ್, ಅದು ಸರಿಯಾಗಿ ಓಡ್ತಾ ಇದೆ ಅಂತ ಧೈರ್ಯ ಬಂದ್ಮೇಲೆ ಅಪ್‌ಗ್ರೇಡ್.

ಇದನ್ನ ಓದ್ತಿರೋ ಬೇರೆಯವರಿಗೂ ಒಂದೆರಡು ಮಾತು, ಎಲ್ಲರ ಕೇಸೂ ತಿಪಟೂರಿನವರ ಥರ ಇರಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಪೊರೇಟ್ ಲ್ಯಾಪ್‌ಟಾಪ್ ತಗೊಂಡೋರು, ಅದರಲ್ಲಿ ಎಂಟರ್‌ಪ್ರೈಸ್ ಎಡಿಶನ್ ಇದ್ದು ಆ್ಯಕ್ಟಿವೇಶನ್ ಹೋಗಿದ್ರೆ ಬೇಜಾರಾಗಬೇಡಿ, ಅವು ಫ್ಯಾಕ್ಟರಿಯಿಂದ ಬಂದಾಗ ಬಹಳಷ್ಟಕ್ಕೆ ಪ್ರೋ ಕೀ ಬಯೋಸಲ್ಲಿ ಇರತ್ತೆ, ಫ್ರೆಶ್ ಪ್ರೋ ಹಾಕಿ ನೋಡಿ. ಕೀ ವಿಂಡೋಸ್ 8 ಕಾಲದ್ದಾದ್ರೆ ಮಾತ್ರ ಕಷ್ಟ, 7 ಮತ್ತು 8ರ ಕೀಯಿಂದ 10, 11 ಆ್ಯಕ್ಟಿವೇಟ್ ಮಾಡೋ ದಾರಿನ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಲ್ಲಿ ಮುಚ್ಚಿದೆ, ಅದಕ್ಕೂ ಮುಂಚೆಯೇ ಆ ಮಷೀನಿಗೆ ಡಿಜಿಟಲ್ ಲೈಸೆನ್ಸ್ ಸಿಕ್ಕಿದ್ರೆ ನಡಿಯತ್ತೆ. ವಾರಂಟಿಯಲ್ಲಿ ಮದರ್‌ಬೋರ್ಡೇ ಬದಲಾಯಿಸಿದ್ರೆ ಲ್ಯಾಪ್‌ಟಾಪ್ ವಾಪಸ್ ತಗೊಳ್ಳೋ ಮುಂಚೆ ಕೌಂಟರಲ್ಲೇ ಆನ್ ಮಾಡಿಸಿ ಆ್ಯಕ್ಟಿವೇಶನ್ ಪುಟ ತೋರಿಸಿ ಅನ್ನಿ, ಕೆಟ್ಟ ಬೋರ್ಡ್ ಬದಲಿಗೆ ಕಂಪನಿಯೇ ಹಾಕಿಕೊಟ್ಟ ಬೋರ್ಡಿಗೆ ನೀವು ಹೊಸ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಬಾಕ್ಸ್ ಅಥವಾ ಆನ್‌ಲೈನ್ ಅಂತ ಪ್ರತ್ಯೇಕ ದುಡ್ಡು ಕೊಟ್ಟು ತಗೊಂಡ ರೀಟೇಲ್ ಲೈಸೆನ್ಸ್ ಇರೋರು ಮಾತ್ರ ಅದನ್ನ ಬೇರೆ ಕಂಪ್ಯೂಟರಿಗೆ ಒಯ್ಯಬಹುದು, ಹಳೇದರಿಂದ ತೆಗೆದ ಮೇಲೆ. ಲ್ಯಾಪ್‌ಟಾಪ್ ಜೊತೆ ಬಂದಿದ್ದು ಆ ಲ್ಯಾಪ್‌ಟಾಪ್ ಜೊತೆಗೇ ಹೋಗೋದು. ಹಳೇ ಹಾರ್ಡ್‌ಡಿಸ್ಕ್ ತೆಗೆದು ಮಗನ ಕಂಪ್ಯೂಟರಿಗೆ ಹಾಕಿದ್ರೆ ವಿಂಡೋಸ್ ಬೂಟ್ ಆದ್ರೂ ಆಗಬಹುದು, ನಿಮ್ಮ ಲೈಸೆನ್ಸಿಂದ ಆ್ಯಕ್ಟಿವೇಟ್ ಆಗಲ್ಲ.

ಮತ್ತೆ ನಿಮ್ಮ ಹತ್ರ ಬರ್ತೀನಿ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ರೆ, ವರ್ಡು ಎಕ್ಸೆಲ್ಲು, ಅದು ಬಯೋಸಿಗೆ ಅಂಟಿಲ್ಲ, ಮೊದಲ ಸಲ ಆ್ಯಕ್ಟಿವೇಟ್ ಮಾಡಿದ ಮೈಕ್ರೋಸಾಫ್ಟ್ ಅಕೌಂಟಿಗೆ ಅಂಟಿರತ್ತೆ. ಎಕ್ಸೆಲ್ ತೆಗೆದು ಫೈಲ್ ಮೆನುಲಿ ಅಕೌಂಟ್ ಒತ್ತಿದ್ರೆ ಯಾವ ಐಡಿ ಅಂತ ಕಾಣತ್ತೆ, ಬರ್ಕೊಳ್ಳಿ. ಡಿಎಸ್‌ಸಿಗೆ ಹೆದರಬೇಡಿ, ಸರ್ಟಿಫಿಕೇಟ್ ಆ ಯುಎಸ್‌ಬಿ ಟೋಕನ್ ಒಳಗೇ ಇರತ್ತೆ, ಫ್ರೆಶ್ ಮಾಡಿದ್ರೆ ಇಪಾಸ್ 2003 ಅಥವಾ ನಿಮ್ಮದು ಯಾವ ಟೋಕನ್ನೋ ಅದರ ಡ್ರೈವರ್ ಮತ್ತೆ ಹಾಕಿದ್ರೆ ಆಯ್ತು. ಟೋಕನ್ ಇನಿಶಿಯಲೈಸ್ ಮಾಡಿ ಅಂತ ಎಲ್ಲಾದ್ರೂ ಬಂದ್ರೆ ಮಾತ್ರ ಒತ್ತಬೇಡಿ, ಒಳಗಿರೋ ಸರ್ಟಿಫಿಕೇಟ್ ಅಳಿಸಿಹೋಗತ್ತೆ.

ನುಡಿ ವಿಷಯ, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಹಳೇ ಪತ್ರಗಳನ್ನೆಲ್ಲ ಯೂನಿಕೋಡ್ ಅಲ್ಲದ ಫಾಂಟಲ್ಲಿ ಟೈಪ್ ಮಾಡಿರ್ತೀರಿ, ನುಡಿ 01 ಇ ಅಂತೆಲ್ಲ. ಆ ಫಾಂಟ್ ಇಲ್ಲದ ಹೊಸ ವಿಂಡೋಸಲ್ಲಿ ಅದೇ ಫೈಲ್ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣತ್ತೆ, ಫೈಲ್ ಕರಪ್ಟ್ ಆಯ್ತು ಅಂತ ಡಿಲೀಟ್ ಮಾಡಿದವರೂ ಇದಾರೆ. ಏನೂ ಆಗಿರಲ್ಲ, ಫಾಂಟ್ ಇಲ್ಲ ಅಷ್ಟೆ. ಫ್ರೆಶ್ ಮಾಡೋದಾದ್ರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗಿರೋ ಫಾಂಟ್ಸ್‌ನಿಂದ ನುಡಿ ಅಂತ ಶುರುವಾಗೋದನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಕೊಳ್ಳಿ. ಕ್ಲೋನ್ ಆದ್ರೆ ಅದೂ ಬೇಡ.

ಟ್ಯಾಲಿಯೇ ಹುಷಾರಾಗಿ ನೋಡ್ಬೇಕಾದ್ದು. ಲೈಸೆನ್ಸನ್ನ ಹಳೇದರಿಂದ ಬಿಡಿಸಿ ಹೊಸದಕ್ಕೆ ತರೋದು ಅಂತ ಮೊದಲೇ ಹೇಳಿದ್ನಲ್ಲ, ವಿಂಡೋಸ್‌ಗೆ ಆ ಕೆಲಸ ಇಲ್ಲ, ಟ್ಯಾಲಿಗೆ ಇದೆ. ಕ್ಲೋನ್ ಆಗ್ಲಿ ಫ್ರೆಶ್ ಆಗ್ಲಿ, ಹಳೇ ಡಿಸ್ಕಿಂದ ಬೂಟ್ ಆಗಿರೋವಾಗಲೇ, ನೆಟ್ ಇರೋವಾಗ, ಎಫ್1 ಹೆಲ್ಪ್ ಒಳಗೆ ಸೆಟ್ಟಿಂಗ್ಸ್, ಅದರಲ್ಲಿ ಲೈಸೆನ್ಸ್, ಅಲ್ಲಿ ಸರೆಂಡರ್ ಕೊಡಿ. ಹೊಸ ಡಿಸ್ಕಲ್ಲಿ ಎದ್ದಮೇಲೆ ಅದೇ ಸೀರಿಯಲ್ ನಂಬರ್, ಅದೇ ಟ್ಯಾಲಿ ಐಡಿ ಹಾಕಿ ಆ್ಯಕ್ಟಿವೇಟ್ ಮಾಡ್ಕೊಳ್ಳಿ. ಆ್ಯಕ್ಟಿವೇಟ್ ಮಾಡೋವಾಗ ಅನ್‌ಲಾಕ್ ಕೀ ರಿಜಿಸ್ಟರ್ ಆಗಿರೋ ಇಮೇಲಿಗೆ ಬರತ್ತೆ, ಆ ಇಮೇಲ್ ಇನ್ನೂ ನಿಮ್ಮ ಕೈಯಲ್ಲಿದ್ಯಾ ಅಂತ ಸರೆಂಡರ್ ಮಾಡೋ ಮುಂಚೆ ನೋಡ್ಕೊಳ್ಳಿ, ಎಷ್ಟೋ ಕಡೆ ಟ್ಯಾಲಿ ಹಾಕಿಕೊಟ್ಟ ಪಾರ್ಟ್ನರ್ ತಮ್ಮದೇ ಇಮೇಲ್ ಹಾಕಿರ್ತಾರೆ, ಅವರು ಫೋನ್ ಎತ್ತಲಿಲ್ಲ ಅಂದ್ರೆ ಜಿಎಸ್‌ಟಿ ರಿಟರ್ನ್ ದಿನ ಲೈಸೆನ್ಸ್ ಇಲ್ಲದವರಿಗೆ ಸಿಗೋ ಎಜುಕೇಶನಲ್ ಮೋಡಲ್ಲಿ ಕೂತಿರ್ತೀರಿ. ಕಂಪನಿ ಡೇಟಾ ಬ್ಯಾಕಪ್ ಟ್ಯಾಲಿ ಒಳಗಿಂದಲೇ ತೆಗೆದು ಪೆನ್‌ಡ್ರೈವಿಗೊಂದು, ಬೇರೆ ಕಡೆಗೊಂದು ಹಾಕಿ.

ಹಳೇ ಹಾರ್ಡ್‌ಡಿಸ್ಕನ್ನ ತಕ್ಷಣ ಫಾರ್ಮ್ಯಾಟ್ ಮಾಡಬೇಡಿ. ಒಂದು ರಿಟರ್ನ್ ಫೈಲ್ ಮಾಡೋ ತಿಂಗಳು ಪೂರ್ತಿ ಹೊಸ ಡಿಸ್ಕಲ್ಲಿ ಕಳೀಲಿ, ಅಲ್ಲಿವರೆಗೆ ಬೀರುನಲ್ಲಿರಲಿ. ಆಮೇಲೆ ವಾಪಸ್ ಒಳಗೇ ಹಾಕಿ ಡಿ ಡ್ರೈವ್ ಮಾಡ್ಕೋಬಹುದು, ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಆಫ್‌ಲೈನ್ ಅಂತ ತೋರಿಸಿದ್ರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಕೊಡಿ. ಮಾರೋದಾದ್ರೆ ಕ್ವಿಕ್ ಫಾರ್ಮ್ಯಾಟ್ ಸಾಕಾಗಲ್ಲ, ಕ್ವಿಕ್ ಅನ್ನೋ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ, ಅದರಲ್ಲಿರೋದು ನಿಮ್ಮ ಲೆಕ್ಕ ಮಾತ್ರ ಅಲ್ಲ, ಮಂಡಿಯವರದ್ದೂ.